ಸೈಕಲ್ ರೇಸಿನ ಬ್ರೇಕ್ ಯಾರ ಕೈಯಲ್ಲಿದೆ?

2026ರ ಜನವರಿ 19ರಿಂದ 23ರವರೆಗೆ ಪುಣೆ ಜಿಲ್ಲೆಯ ರಸ್ತೆಗಳಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಪಟ್ಟಿಯಲ್ಲಿ 2.2 ದರ್ಜೆಯ, ಅಂದರೆ ಹಲವು ದಿನ ಹಂತ ಹಂತವಾಗಿ ನಡೆಯುವ ಕೆಳ ದರ್ಜೆಯ ಓಟ ಇದು. ಮೊದಲ ಹಂತದಲ್ಲೇ ಮುಳಶಿ ಕಡೆಯ ಕಿರಿದಾದ ರಸ್ತೆಯಲ್ಲಿ ಮುಂದಿನವರು ಬಿದ್ದು, ಅವರ ಮೇಲೆ ಹಿಂದಿನವರು ಬಿದ್ದು, ಸೈಕಲ್ಲುಗಳ ರಾಶಿಯೇ ಆಯಿತು. ಎದ್ದವರು ಎದ್ದರು, ಓಟ ಮುಂದುವರಿಯಿತು, ನಿಗದಿಯಾದ ದಿನವೇ ಮುಗಿಯಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇಲ್ಲೊಂದು ಗೊಂದಲ. ನಾಲ್ಕು ಹನಿ ಬಿದ್ದರೆ ಪಿಚ್ ಮೇಲೆ ಹೊದಿಕೆ ಎಳೆಯುವ ಆಟ ನಮ್ಮದು. ಇಲ್ಲಿ ಮೈ ಕೈ ಕಿತ್ತುಹೋದ ಹುಡುಗರು ಹರಿದ ಜೆರ್ಸಿಯಲ್ಲೇ ಪೆಡಲ್ ತುಳಿದರು. ಹಾಗಾದರೆ ಓಟ ನಿಲ್ಲಿಸುವ ನಿಯಮವೇ ಇಲ್ಲವೆ ಎಂದು ಕೆಲವರು ಕೇಳುತ್ತಾರೆ. ಇನ್ನು ಕೆಲವರದು ತದ್ವಿರುದ್ಧ ಪ್ರಶ್ನೆ: ಯುರೋಪಿನವರು ಮಳೆ ಬಂತೆಂದು ರೇಸ್ ಮೊಟಕುಗೊಳಿಸುತ್ತಾರಂತೆ, ಮುಂಬಯಿಯ ಡಬ್ಬಾವಾಲಾ ಜುಲೈ ಮಳೆಯಲ್ಲೂ ಊಟದ ಡಬ್ಬಿ ಹೊತ್ತು ಸೈಕಲ್ ಹೊಡೆಯುವುದಿಲ್ಲವೆ? ಎರಡೂ ಪ್ರಶ್ನೆಗಳಲ್ಲಿ ತಿರುಳಿದೆ. ಎರಡನೆಯದಕ್ಕೆ ಉತ್ತರ ಸುಲಭ, ಅದನ್ನೇ ಮೊದಲು ನೋಡೋಣ.

ಎರಡು ಹೆಬ್ಬೆಟ್ಟಿನಷ್ಟು ರಬ್ಬರು

ರೇಸ್ ಸೈಕಲ್ಲಿನ ಟಯರು ಈಗ ಸಾಮಾನ್ಯವಾಗಿ 28 ಮಿಲಿಮೀಟರ್ ಅಗಲ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 80 ಕಿಲೊ, ಟಯರಿನೊಳಗಿನ ಒತ್ತಡ 5 ಬಾರ್ ಎಂದಿಟ್ಟುಕೊಂಡರೆ ಒಂದೊಂದು ಚಕ್ರ ನೆಲಕ್ಕೆ ತಾಗುವುದು ಸುಮಾರು 8 ಚದರ ಸೆಂಟಿಮೀಟರ್. ಸಾಲದ ಪತ್ರದ ಮೇಲೆ ಅಕ್ಕಪಕ್ಕ ಎರಡು ಸಲ ಹೆಬ್ಬೆಟ್ಟು ಒತ್ತಿದಷ್ಟು ಜಾಗ. ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ವಾಲುವುದು, ಗುಂಡಿ ತಪ್ಪಿಸುವುದು ಎಲ್ಲ ಅಷ್ಟೇ ರಬ್ಬರಿನ ಮೇಲೆ ನಡೆಯಬೇಕು.

ಡಬ್ಬಾವಾಲಾನ ಸೈಕಲ್ಲಿಗೂ ಇದೇ ಲೆಕ್ಕವಲ್ಲವೆ ಅಂದರೆ, ವ್ಯತ್ಯಾಸ ವೇಗದಲ್ಲಿದೆ. ಅವನು ಗಂಟೆಗೆ 20 ಕಿಲೊಮೀಟರಿನೊಳಗೆ ಹೋಗುತ್ತಾನೆ. ಘಾಟಿ ಇಳಿಯುವ ವೃತ್ತಿಪರ ಸವಾರ 80 ಮುಟ್ಟುತ್ತಾನೆ. ವೇಗ ನಾಲ್ಕು ಪಟ್ಟಾದರೆ ಬೀಳುವಾಗ ಮೈಮೇಲೆ ಬರುವ ಶಕ್ತಿ ಹದಿನಾರು ಪಟ್ಟು. ಡಬ್ಬಾವಾಲಾ ಬಿದ್ದರೆ ಮೊಣಕಾಲು ತರಚುತ್ತದೆ, ಸವಾರ ಬಿದ್ದರೆ ಕಾಲರ್ ಬೋನ್ ಮುರಿಯುತ್ತದೆ. ಅದೂ ಅದೃಷ್ಟ ನೆಟ್ಟಗಿದ್ದರೆ.

ಇದರ ಮೇಲೆ ಗುಂಪಿನ ಲೆಕ್ಕ ಬೇರೆ. ನೂರಕ್ಕೂ ಹೆಚ್ಚು ಜನ ಒಬ್ಬರ ಚಕ್ರಕ್ಕೆ ಇನ್ನೊಬ್ಬರು ಅರ್ಧ ಮೀಟರ್ ಅಂತರದಲ್ಲಿ ಓಡುತ್ತಾರೆ. ಮುಂದಿನವನ ಬೆನ್ನಿಗೆ ಗಾಳಿ ಕಡಿಮೆ, ಅಲ್ಲಿ ಅಂಟಿಕೊಂಡರೆ ಶ್ರಮ ಉಳಿಯುತ್ತದೆ ಎಂಬುದಕ್ಕೆ ಈ ಒತ್ತೊತ್ತು. ಗಂಟೆಗೆ 50 ಕಿಲೊಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮುಂದಿನವನು ಗುಂಡಿ ಕಂಡು ಕೈ ಸನ್ನೆ ಮಾಡುವಷ್ಟರಲ್ಲಿ ಇಪ್ಪತ್ತನೆಯವನು ಆ ಗುಂಡಿಯಲ್ಲಿರುತ್ತಾನೆ. ಅವನಿಗೆ ರಸ್ತೆಯೇ ಕಾಣುವುದಿಲ್ಲ, ಕಾಣುವುದು ಇನ್ನೊಬ್ಬನ ಹಿಂದಿನ ಚಕ್ರ. ಅಗಲ ರಸ್ತೆ ಇದ್ದಕ್ಕಿದ್ದಂತೆ ಕಿರಿದಾದರೆ ಅಷ್ಟೂ ಜನ ಒಟ್ಟಿಗೆ ಮಧ್ಯಕ್ಕೆ ನುಗ್ಗಬೇಕು. ಹೀಗಾಗಿ ರಸ್ತೆ ಒಣಗಿದ್ದರೂ, ಬಿಸಿಲಿದ್ದರೂ ರಾಶಿ ಬೀಳಲು ಒಂದು ಚಕ್ರ ಇನ್ನೊಂದಕ್ಕೆ ತಾಗಿದರೆ ಸಾಕು.

ಒಬ್ಬನೇ ನಿಂತರೆ

ಇನ್ನು ಮೊದಲ ಪ್ರಶ್ನೆ. ಅಪಾಯ ಕಂಡರೆ ಸವಾರರೇ ನಿಲ್ಲಿಸಬಹುದಲ್ಲ, ಯಾರು ಬೇಡ ಅಂದರು?

ಯಾರೂ ಬೇಡ ಅನ್ನುವುದಿಲ್ಲ. ಆದರೆ ಹಂತಗಳ ಓಟದಲ್ಲಿ ಐದು ದಿನದ ಸಮಯ ಕೂಡಿಸಿ ಗೆದ್ದವರು ಯಾರೆಂದು ಹೇಳುತ್ತಾರೆ, ಕೊನೆಯ ಅಂತರ ಎಷ್ಟೋ ಸಲ ಬೆರಳೆಣಿಕೆಯ ಸೆಕೆಂಡುಗಳದು. ತಿರುವಿನಲ್ಲಿ ನಾನು ಬ್ರೇಕ್ ಒತ್ತಿ ನೀವು ಒತ್ತದಿದ್ದರೆ ನನ್ನ ವಾರದ ಶ್ರಮ ಅಲ್ಲೇ ಹೋಯಿತು. 2.2 ದರ್ಜೆಯ ಓಟ ಗೆದ್ದವನಿಗೆ ಯುಸಿಐಯ 40 ಅಂಕ ಸಿಗುತ್ತದೆ. ದೊಡ್ಡ ತಂಡಗಳಿಗೆ ಅದು ಚಿಲ್ಲರೆ. ಸಣ್ಣ ದೇಶದ ಸವಾರನಿಗೆ ಒಲಿಂಪಿಕ್ಸ್ ಅರ್ಹತೆಯ ಲೆಕ್ಕದಲ್ಲಿ ದೊಡ್ಡ ಗಂಟು. ಇಂಥ ಓಟಕ್ಕೆ ಬರುವ, ಕಾಂಟಿನೆಂಟಲ್ ಎಂಬ ಕೆಳ ದರ್ಜೆಯ ತಂಡಗಳ ಸವಾರರಿಗೆ ದೊಡ್ಡ ತಂಡದವರಿಗಿರುವಂತೆ ಯುಸಿಐ ನಿಗದಿಪಡಿಸಿದ ಕನಿಷ್ಠ ಸಂಬಳವೂ ಇಲ್ಲ.

ವಿಜಯಪುರ, ಬಾಗಲಕೋಟೆ ಸೀಮೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಸೈಕ್ಲಿಂಗ್ ಎಂದರೆ ಬಹುಪಾಲು ಆ ಎರಡು ಜಿಲ್ಲೆಗಳ ಕ್ರೀಡಾ ವಸತಿ ನಿಲಯಗಳ ಕತೆ. ಒಕ್ಕಲುತನದ ಮನೆಯ ಹುಡುಗ ಸೈಕಲ್ ಹತ್ತುವುದು ರೈಲ್ವೆಯಲ್ಲೋ ಸೈನ್ಯದಲ್ಲೋ ಕ್ರೀಡಾ ಕೋಟಾದ ನೌಕರಿ ಸಿಗಲಿ ಎಂದು. ಇಳಿಜಾರಿನಲ್ಲಿ ಜಲ್ಲಿ ಕಂಡಿತು, ಅದಕ್ಕೇ ನಿಂತೆ ಎಂದು ಅವನು ಯಾರ ಮುಂದೆ ಹೇಳಬೇಕು? ಆಯ್ಕೆ ಪಟ್ಟಿಯಲ್ಲಿ ಇರುವುದು ಸ್ಥಾನ, ಕಾರಣವಲ್ಲ.

ಗುಂಪು ಒಮ್ಮತದಿಂದ ನಿಧಾನಿಸಿದರೆ? ಆಗುತ್ತದೆ, ಆಗಿದೆ. 2020ರ ಆಗಸ್ಟ್ 29ರಂದು ಟೂರ್ ದಿ ಫ್ರಾನ್ಸ್‌ನ ಮೊದಲ ಹಂತ ನೀಸ್ ನಗರದ ಸುತ್ತ. ಬಹಳ ದಿನ ಒಣಗಿದ್ದ ರಸ್ತೆ, ಅದರ ಮೇಲೆ ಮಳೆ. ಇಂಥ ಮಳೆ ಬಲು ಕೆಟ್ಟದ್ದು: ವಾಹನಗಳು ಉದುರಿಸಿದ ಎಣ್ಣೆ, ಟಯರಿನ ಪುಡಿ, ದೂಳು ನೀರಿನೊಂದಿಗೆ ಕಲಸಿ ಡಾಂಬರಿನ ಮೇಲೆ ಸಾಬೂನಿನಂತೆ ಕೂರುತ್ತದೆ. ಜೂನ್ ಮೊದಲ ವಾರ ಪುಣೆಯ ಕಾತ್ರಜ್ ಕಡೆ ಸ್ಕೂಟರ್ ಓಡಿಸಿದವರಿಗೆಲ್ಲ ಗೊತ್ತಿರುವ ಜಾರಿಕೆ. ಒಬ್ಬರ ಹಿಂದೆ ಒಬ್ಬರು ಬಿದ್ದರು. ಹಿರಿಯ ಸವಾರ ಟೋನಿ ಮಾರ್ಟಿನ್ ಗುಂಪಿನ ಮುಂದೆ ಬಂದು, ಎರಡೂ ಕೈ ಅಗಲಿಸಿ, ನಿಧಾನ ನಿಧಾನ ಎಂದು ಸನ್ನೆ ಮಾಡಿದ. ಬಹುತೇಕರು ಒಪ್ಪಿದರು. ಅಸ್ತಾನಾ ತಂಡದವರು ಒಂದು ಇಳಿಜಾರಿನಲ್ಲಿ ಮುಂದೆ ನುಗ್ಗಿದರು. ಕೆಲವೇ ಕ್ಷಣಗಳಲ್ಲಿ ಅವರದೇ ನಾಯಕ ಮಿಗೆಲ್ ಆಂಖೆಲ್ ಲೋಪೆಸ್ ತಿರುವಿನಲ್ಲಿ ಜಾರಿ ರಸ್ತೆ ಬದಿಯ ಫಲಕಕ್ಕೆ ಬಡಿದ. ಆಮೇಲೆ ಅವರೂ ನಿಧಾನಿಸಿದರು.

ಈ ಪ್ರಸಂಗವನ್ನು ಸವಾರರ ಒಗ್ಗಟ್ಟಿನ ಕತೆಯಾಗಿ ಹೇಳುವುದುಂಟು. ನನಗೆ ಕಾಣುವುದು ಬೇರೆ. ಒಗ್ಗಟ್ಟು ಉಳಿದದ್ದು ಮುರಿದವನು ಫಲಕಕ್ಕೆ ಬಡಿದದ್ದರಿಂದ. ಅವನು ಬೀಳದೆ ಒಂದು ನಿಮಿಷ ಮುಂದೆ ಹೋಗಿಬಿಟ್ಟಿದ್ದರೆ ಉಳಿದವರು ಬೆನ್ನಟ್ಟದೆ ಸುಮ್ಮನಿರುತ್ತಿದ್ದರೇ?

ನಿಯಮ ಏನು ಹೇಳುತ್ತದೆ

ನಿಯಮ ಇದೆ. ಅಪಘಾತವೋ ಅಡಚಣೆಯೋ ಆದಾಗ ಓಟದ ನಿರ್ದೇಶಕರು ಕಮಿಸೇರ್ ಎಂಬ ತೀರ್ಪುಗಾರರ ಒಪ್ಪಿಗೆ ಪಡೆದು ಮಾರ್ಗ ಬದಲಿಸಬಹುದು, ಸ್ವಲ್ಪ ದೂರ ಓಟವನ್ನು ಸ್ಪರ್ಧೆಯಿಲ್ಲದ ಸವಾರಿಯಾಗಿಸಬಹುದು, ಹಂತವನ್ನೇ ರದ್ದು ಮಾಡಬಹುದು, ನಿಲ್ಲಿಸಿ ಅದೇ ಅಂತರದಿಂದ ಮತ್ತೆ ಶುರು ಮಾಡಬಹುದು. ಸ್ಪರ್ಧೆ ತಡೆದು ಗುಂಪನ್ನು ಕಾರಿನ ಹಿಂದೆ ನಡೆಸುವುದಕ್ಕೆ ಈ ವಲಯದವರು ನ್ಯೂಟ್ರಲೈಸ್ ಮಾಡುವುದು ಎನ್ನುತ್ತಾರೆ.

ಹವಾಮಾನಕ್ಕಾಗಿ ಪ್ರತ್ಯೇಕ ವಿಧಾನ ಬಂದದ್ದು 2016ರಲ್ಲಿ. ಅದರ ಹಿಂದೆ ದೊಡ್ಡ ಚರಿತ್ರೆಯಿದೆ. 1988ರ ಜೂನ್ 5ರಂದು ಇಟಲಿಯ ಜಿರೊ ಓಟ ಗಾವಿಯಾ ಕಣಿವೆಮಾರ್ಗವನ್ನು ಹಿಮಪಾತದಲ್ಲೇ ದಾಟಿತು. ಅಂದು ಮುನ್ನಡೆ ಪಡೆದ ಆಂಡಿ ಹ್ಯಾಂಪ್‌ಸ್ಟನ್ ಜಿರೊ ಗೆದ್ದ ಮೊದಲ ಅಮೆರಿಕನ್ ಆದ, ಆ ದಿನ ದಂತಕತೆಯಾಯಿತು. ದಂತಕತೆ ಎಂಬುದೇ ತೊಡಕು. ಮುಂದೆ ಕಾಲು ಶತಮಾನ ಯಾರು ಚಳಿ ಅಂದರೂ ಅವರಿಗೆ ಗಾವಿಯಾದ ಕತೆ ಹೇಳಲಾಯಿತು. 2013ರಲ್ಲಿ ಮಿಲಾನ್–ಸಾನ್ ರೆಮೊ ಓಟವನ್ನು ಹಿಮದಿಂದಾಗಿ ನಡುವೆ ನಿಲ್ಲಿಸಿ, ಸವಾರರನ್ನು ಬಸ್ಸಿನಲ್ಲಿ ಬೆಟ್ಟ ದಾಟಿಸಿ, ಆಚೆ ಕಡೆಯಿಂದ ಮತ್ತೆ ಬಿಟ್ಟರು. 2014ರ ಜಿರೊದಲ್ಲಿ ಸ್ಟೆಲ್ವಿಯೊ ಕಣಿವೆಮಾರ್ಗದ ಇಳಿಜಾರಿನಲ್ಲಿ ಕೆಂಪು ಬಾವುಟದ ಬೈಕುಗಳ ವಿಷಯದಲ್ಲಿ ದೊಡ್ಡ ಗೊಂದಲವಾಯಿತು. ಓಟ ತಡೆದಿದ್ದಾರೆಂದು ಕೆಲವು ತಂಡಗಳು ತಿಳಿದವು, ಹಾಗಿಲ್ಲವೆಂದು ಇನ್ನು ಕೆಲವರು. ಮುಂದೆ ಹೋದ ನೈರೊ ಕಿಂತಾನಾ ಅಂದಿನ ಹಂತವನ್ನೂ ಆ ವರ್ಷದ ಜಿರೊವನ್ನೂ ಗೆದ್ದ. ಅರೆಬರೆ ಸೂಚನೆ ಕೊಡುವುದಕ್ಕಿಂತ ಕೊಡದಿರುವುದೇ ವಾಸಿ ಎಂದು ಅಂದು ಸೋತವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 2015ರ ಒಮಾನ್ ಓಟದಲ್ಲಿ ಮರಳು ಗಾಳಿ, ಅದರ ಬೆನ್ನಿಗೆ ಸುಡು ಬಿಸಿಲು. ಇಳಿಜಾರಿನಲ್ಲಿ ಟಯರುಗಳು ಒಡೆಯತೊಡಗಿದವು. ಸವಾರರು ಸೇತುವೆಯ ನೆರಳಲ್ಲಿ ನಿಂತು ಮುಂದೆ ಹೋಗಲು ಒಪ್ಪಲಿಲ್ಲ, ಹಂತ ರದ್ದಾಯಿತು.

2016ರ ವಿಧಾನದ ಪಟ್ಟಿಯಲ್ಲಿ ಆರು ಸಂಗತಿಗಳಿವೆ: ಹೆಪ್ಪುಗಟ್ಟುವ ಮಳೆ, ರಸ್ತೆಯ ಮೇಲೆ ಹಿಮ, ಬಿರುಗಾಳಿ, ಅತಿ ಚಳಿ ಅಥವಾ ಅತಿ ಬಿಸಿ, ಕಣ್ಣಿಗೆ ಏನೂ ಕಾಣದ ಸ್ಥಿತಿ, ವಾಯುಮಾಲಿನ್ಯ. ಇವುಗಳಲ್ಲಿ ಯಾವುದಾದರೂ ಬರುವ ಸೂಚನೆಯಿದ್ದರೆ ಸಂಘಟಕರು, ತಂಡಗಳು ಮತ್ತು ಸವಾರರ ಪ್ರತಿನಿಧಿಗಳು, ಓಟದ ವೈದ್ಯರು, ಸುರಕ್ಷತೆಯ ಹೊಣೆ ಹೊತ್ತವರು, ಮುಖ್ಯ ಕಮಿಸೇರ್ ಸೇರಿ ಸಭೆ ನಡೆಸಬೇಕು.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಬರಿಯ ಮಳೆ ಅದರಲ್ಲಿಲ್ಲ. ಗುಂಡಿಯಿಲ್ಲ, ಜಲ್ಲಿಯಿಲ್ಲ, ಕಿರಿದಾದ ರಸ್ತೆಯಿಲ್ಲ. ಬಿಸಿಲಿಗಾದರೂ ಈಚೆಗೆ ಅಳತೆಗೋಲು ಬಂದಿದೆ: ತಾಪ, ತೇವ, ಗಾಳಿ, ಬಿಸಿಲು ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕುವ ಡಬ್ಲ್ಯುಬಿಜಿಟಿ ಸೂಚ್ಯಂಕ 28 ದಾಟಿದರೆ ಕೆಂಪು ವಲಯ, ಅಂದರೆ ಅತಿ ಹೆಚ್ಚಿನ ಅಪಾಯ. ರಸ್ತೆ ಎಷ್ಟು ಜಾರುತ್ತದೆ ಎಂಬುದಕ್ಕೆ ಅಂಥ ಅಂಕಿಯಿಲ್ಲ. ಅಂಕಿಯಿಲ್ಲದ ಕಡೆ ವಾದ ಹುಟ್ಟುತ್ತದೆ, ವಾದದಲ್ಲಿ ಟಿವಿ ಪ್ರಸಾರದ ಹೊತ್ತು, ಪ್ರಾಯೋಜಕರ ಮುಖ ಎಲ್ಲ ಬಂದು ಕೂರುತ್ತವೆ.

ನಿಲ್ಲಿಸಬಾರದು ಎನ್ನುವವರು

ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಇಳಿಜಾರಿನಲ್ಲಿ ಸೈಕಲ್ ಹಿಡಿತದಲ್ಲಿಡುವುದೂ ಈ ಆಟದ ಕಲೆಯೇ. ಅದನ್ನು ವರ್ಷಗಟ್ಟಲೆ ಕಲಿತವನಿಗೆ, ಕಲಿಯದವನು ಹೆದರಿದನೆಂದು ಓಟ ನಿಲ್ಲಿಸಿದರೆ ಅನ್ಯಾಯ. ಒದ್ದೆ ರಸ್ತೆಯಲ್ಲಿ ನಿಧಾನ ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇದೆಯಲ್ಲ ಎಂಬುದು ಅವರ ಪ್ರಶ್ನೆ.

ಎರಡನೆಯದು, ಸವಲತ್ತಿನ ದುರ್ಬಳಕೆಯ ಭಯ. 2020ರ ಅಕ್ಟೋಬರ್ 23ರಂದು ಜಿರೊದ 19ನೇ ಹಂತ, ಮೊರ್ಬೆನ್ಯೊದಿಂದ ಆಸ್ತಿಗೆ 258 ಕಿಲೊಮೀಟರ್. ರಸ್ತೆ ಸಮತಟ್ಟು, ಚಳಿಯ ಮಳೆ. ಹಿಂದಿನ ದಿನ ಬೆಟ್ಟ ಹತ್ತಿ ದಣಿದ ಸವಾರರು ಬೆಳಿಗ್ಗೆ ಆರಂಭದ ಗೆರೆಯಲ್ಲೇ ತಕರಾರು ತೆಗೆದರು. ಕೊನೆಗೆ ಬಸ್ಸು ಹತ್ತಿ ಅರ್ಧ ದಾರಿ ಹೋಗಿ ಅಲ್ಲಿಂದ ಓಡಿದರು. ನಿರ್ದೇಶಕ ಮೌರೊ ವೆನ್ಯಿ ಕೆಂಡವಾದರು. ಪಟ್ಟಿಯ ಆರರಲ್ಲಿ ಯಾವುದೂ ಅಂದು ಇರಲಿಲ್ಲ. ದಣಿವನ್ನು ಅಪಾಯ ಎಂದು ಕರೆದರು ಎಂಬ ಟೀಕೆಯಲ್ಲಿ ಸತ್ಯವಿದೆ. ಆದರೆ ಮೂರನೇ ವಾರದಲ್ಲಿ, ಸೋಂಕಿನ ಕಾಲದಲ್ಲಿ, ಅಷ್ಟು ಉದ್ದದ ಹಂತ ಇಟ್ಟದ್ದೇಕೆ ಎಂದು ಮೊದಲೇ ಯಾರೂ ಕೇಳಲಿಲ್ಲವಲ್ಲ.

ಮೂರನೆಯದು ನಮ್ಮ ಊರುಗಳಿಗೆ ನೇರ ತಾಗುವಂಥದ್ದು. ರಸ್ತೆಯ ಓಟಕ್ಕೆ ಪೊಲೀಸರು ಇಂತಿಷ್ಟು ಗಂಟೆ ಎಂದು ರಸ್ತೆ ಮುಚ್ಚಿಕೊಡುತ್ತಾರೆ. ಎರಡು ತಾಸು ತಡವಾದರೆ ಹಳ್ಳಿಯವರ ಹಾಲಿನ ಟೆಂಪೊ ನಿಲ್ಲುತ್ತದೆ, ಶಾಲೆಯ ಬಸ್ಸು ನಿಲ್ಲುತ್ತದೆ. ನಾಳೆ ನಡೆಸೋಣ ಎನ್ನಲು ಇದು ಮೈದಾನವಲ್ಲ.

ನಿಲ್ಲಿಸಿದರೆ ಲೆಕ್ಕ ಹೇಗೆ

ನಿಲ್ಲಿಸುವುದರಿಂದಲೂ ಗೆದ್ದವರು, ಸೋತವರು ಹುಟ್ಟುತ್ತಾರೆ. 2019ರ ಜುಲೈ 26ರಂದು ಟೂರ್ ದಿ ಫ್ರಾನ್ಸ್ ಇಝರಾನ್ ಶಿಖರ ದಾಟಿ ಇಳಿಯುತ್ತಿತ್ತು. ಕೆಳಗೆ ಆಲಿಕಲ್ಲು ಸುರಿದು, ಗುಡ್ಡ ಜರಿದು, ರಸ್ತೆಯ ತುಂಬ ಕೆಸರು. ಸವಾರರು ಇನ್ನೂ ಇಳಿಯುತ್ತಿರುವಾಗಲೇ ಹಂತ ನಿಲ್ಲಿಸಿದರು. ಶಿಖರ ದಾಟಿದ ಸಮಯವನ್ನೇ ಎಣಿಸಿದರು. ಅಲ್ಲಿ ಮುಂದಿದ್ದ ಕೊಲಂಬಿಯಾದ ಏಗನ್ ಬರ್ನಾಲ್‌ಗೆ ಒಟ್ಟಾರೆ ಮುಂದಿರುವವನು ತೊಡುವ ಹಳದಿ ಜೆರ್ಸಿ ಬಂತು, ಎರಡು ದಿನದ ಮೇಲೆ ಟೂರ್ ಕೂಡ. ಅಲ್ಲಿಯವರೆಗೆ ಆ ಜೆರ್ಸಿ ತೊಟ್ಟಿದ್ದ, ಇಳಿಜಾರಿನಲ್ಲಿ ಅಂತರ ಮುಚ್ಚುವ ಲೆಕ್ಕದಲ್ಲಿದ್ದ ಜೂಲಿಯನ್ ಅಲಾಫಿಲಿಪ್‌ಗೆ ಆ ಅವಕಾಶವೇ ಸಿಗಲಿಲ್ಲ. ಹಾಗೆಂದು ಕೆಸರಿನೊಳಗೆ ಕಳಿಸುವ ಪ್ರಶ್ನೆಯೇ ಇರಲಿಲ್ಲ.

ಇದರಿಂದ ನಡುವಿನ ದಾರಿ ಬೆಳೆಯಿತು: ಓಟವನ್ನು ಬಿಟ್ಟು ಲೆಕ್ಕವನ್ನು ಮೊದಲೇ ನಿಲ್ಲಿಸುವುದು. 2023ರಲ್ಲಿ ಸ್ಪೇನಿನ ವುಯೆಲ್ಟಾ ಓಟದಲ್ಲಿ ಬಾರ್ಸಿಲೋನಾಕ್ಕೆ ಮಳೆ ಬಂದಾಗ ಒಟ್ಟಾರೆ ಸ್ಪರ್ಧೆಯ ಸಮಯವನ್ನು ಗುರಿಗಿಂತ 9 ಕಿಲೊಮೀಟರ್ ಮುಂಚೆಯೇ ತೆಗೆದುಕೊಂಡರು. ಹಂತ ಗೆಲ್ಲುವ ಆಸೆಯಿದ್ದವರು ಮುಂದೆ ಓಡಿದರು, ಉಳಿದವರು ಜೀವ ಕೈಯಲ್ಲಿ ಹಿಡಿಯದೆ ಬಂದು ಮುಟ್ಟಿದರು. ಸಮತಟ್ಟಾದ ಹಂತದ ಕೊನೆಯ 3 ಕಿಲೊಮೀಟರಿನಲ್ಲಿ ಬಿದ್ದವನಿಗೆ ಅವನಿದ್ದ ಗುಂಪಿನ ಸಮಯವನ್ನೇ ಕೊಡುವ ನಿಯಮದ ಹಿಂದೆಯೂ ಇದೇ ಬುದ್ಧಿ. ಸೆಕೆಂಡು ಕಳೆದುಕೊಳ್ಳುವ ಭಯ ತೆಗೆದರೆ ಬ್ರೇಕ್ ತಾನಾಗಿ ಕೈಗೆ ಬರುತ್ತದೆ.

ಒಂದು ಸನ್ನಿವೇಶದಲ್ಲಿ ಮಾತ್ರ ವಾದಕ್ಕೆ ಜಾಗವಿಲ್ಲ. 2024ರ ಜೂನ್ 6ರಂದು ಫ್ರಾನ್ಸಿನ ದೋಫಿನೆ ಓಟದಲ್ಲಿ ಗುರಿಗೆ ಸುಮಾರು 21 ಕಿಲೊಮೀಟರ್ ಇರುವಾಗ ಒದ್ದೆ ಇಳಿಜಾರಿನಲ್ಲಿ ಗುಂಪಿಗೆ ಗುಂಪೇ ಬಿತ್ತು. ಹಂತವನ್ನು ಅಲ್ಲಿಗೇ ಮುಗಿಸಿದರು, ಫಲಿತಾಂಶವಿಲ್ಲ. ಆಂಬುಲೆನ್ಸುಗಳೆಲ್ಲ ಬಿದ್ದವರ ಆರೈಕೆಯಲ್ಲಿದ್ದವು, ಇನ್ನೊಬ್ಬ ಬಿದ್ದರೆ ಎತ್ತಲು ಗಾಡಿಯಿರಲಿಲ್ಲ. ಪುಣೆಯಲ್ಲಾಗಲಿ ಬೇರೆಲ್ಲಾಗಲಿ ರಾಶಿ ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈಗ ಖಾಲಿ ಇರುವ ಆಂಬುಲೆನ್ಸ್ ಎಷ್ಟು? ಎಷ್ಟು ಜನ ಬಿದ್ದರು ಎಂಬುದು ಆಮೇಲಿನ ಮಾತು.

ನಮ್ಮ ಅಪಾಯ ಆಕಾಶದಿಂದ ಬೀಳುವುದಿಲ್ಲ

ಆಲ್ಪ್ಸ್‌ನಲ್ಲಿ ಹಿಮ ಹೇಳದೆ ಕೇಳದೆ ಬರುತ್ತದೆ. ಪುಣೆಯ ಜನವರಿಯಲ್ಲಿ ಹಾಗಲ್ಲ: ಆಕಾಶ ನಿಚ್ಚಳ, ಬೆಳಗಿನ ಚಳಿ ಹಿತ. ಇಲ್ಲಿನ ಅಪಾಯ ರಸ್ತೆಯಲ್ಲೇ ಮಲಗಿರುತ್ತದೆ. ಅಗಲ ಹೆದ್ದಾರಿ ಹಳ್ಳಿಯ ಬಾಯಲ್ಲಿ ಏಕಾಏಕಿ ಅರ್ಧವಾಗುತ್ತದೆ. ಹೊಸ ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ನಾಲ್ಕು ಬೆರಳು ಎತ್ತರ ನಿಂತಿರುತ್ತದೆ, ಚಕ್ರ ಒಮ್ಮೆ ಇಳಿದರೆ ಮತ್ತೆ ಹತ್ತುವಾಗ ಸವಾರ ಮಗುಚುತ್ತಾನೆ. ಕಾಂಕ್ರೀಟ್ ರಸ್ತೆಯ ಎರಡು ಚಪ್ಪಡಿಗಳ ನಡುವಿನ ಸೀಳಿನಲ್ಲಿ ತೆಳು ಟಯರು ಕೂತುಬಿಡುತ್ತದೆ. ಕಿತ್ತ ಸ್ಪೀಡ್ ಬ್ರೇಕರಿನ ಗುರುತು ಉಳಿದಿರುತ್ತದೆ. ಮೇಲಾಗಿ ಜನವರಿ ಎಂದರೆ ಕಬ್ಬು ನುರಿಸುವ ಕಾಲ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹೊಲದಿಂದ ರಸ್ತೆಗೆ ಹತ್ತುವಲ್ಲಿ ಗಾಲಿಯ ಮಣ್ಣು, ರವದಿ, ಜಾರಿಬಿದ್ದ ಕಬ್ಬಿನ ಜಲ್ಲೆ ಇಷ್ಟನ್ನೂ ಉದುರಿಸಿ ಹೋಗುತ್ತದೆ. ಬೆಳಗಾವಿ ಕಡೆಯವರು ದಿನಾ ನೋಡುವ ದೃಶ್ಯ. ನೇರ ರಸ್ತೆಯಲ್ಲಿ ಅದು ಬರೀ ಕಿರಿಕಿರಿ, ತಿರುವಿನಲ್ಲಿದ್ದರೆ ಆಸ್ಪತ್ರೆಯ ದಾರಿ.

ಇವೆಲ್ಲ ಹಿಂದಿನ ದಿನವೇ ಕಾಣುವಂಥವು. ಕಾಣುವ ಅಪಾಯವನ್ನು ಮರುದಿನ 50 ಕಿಲೊಮೀಟರ್ ವೇಗದಲ್ಲಿರುವ, ರಸ್ತೆಯೇ ಕಾಣದ ಹುಡುಗನ ವಿವೇಕಕ್ಕೆ ಬಿಡುವುದು ತಪ್ಪು. ಅವನಿಗೆ ನಿಲ್ಲುವ ಹಕ್ಕು ಇರಲೇಬೇಕು. ಆದರೆ ಅವನು ಆ ಹಕ್ಕು ಬಳಸುವ ಪರಿಸ್ಥಿತಿ ಬಂತೆಂದರೆ ಮಾರ್ಗ ನೋಡಿ ಸಹಿ ಹಾಕಿದವರ ಕೆಲಸ ಕೆಟ್ಟಿದೆ ಎಂದೇ ಅರ್ಥ.

ಹಳೆಯ ಮುಂಬಯಿ–ಪುಣೆ ಸೈಕಲ್ ಓಟದ ಜಾಣತನ ಇಲ್ಲಿ ನೆನಪಾಗುತ್ತದೆ. ಅದರ ಕಠಿಣ ಭಾಗ ಬೋರ್ ಘಾಟ್, ಅಲ್ಲಿ ಮೊದಲು ಮೇಲೆ ಮುಟ್ಟಿದವನಿಗೆ ‘ಘಾಟಾಂಚಾ ರಾಜಾ’ ಬಿರುದು. ಓಟ ಆ ಘಾಟನ್ನು ಹತ್ತುತ್ತದೆ, ಇಳಿಯುವುದಿಲ್ಲ. ಏರಿನಲ್ಲಿ ಗುಂಪು ತಾನಾಗಿ ಚದುರುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಹಂತಗಳ ಓಟಕ್ಕೆ ಎಲ್ಲ ಕಡೆ ಇದು ಸಾಧ್ಯವಿಲ್ಲ, ಹತ್ತಿದ್ದನ್ನು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಆದರೆ ಕಿರಿದಾದ ರಸ್ತೆ ಬರುವ ಮುಂಚೆ ಒಂದು ಏರು ಇಟ್ಟರೆ ನೂರು ಜನ ಒಟ್ಟಿಗೆ ಅಲ್ಲಿ ನುಗ್ಗುವುದಿಲ್ಲ. ಮಾರ್ಗ ಗೀಚುವವರ ಪೆನ್ಸಿಲ್ಲಿನಲ್ಲಿ ಇಷ್ಟು ಶಕ್ತಿಯಿದೆ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಫೆಬ್ರುವರಿಯ ಎತ್ವಾಲ್ ದಿ ಬೆಸೆಜ್ ನೋಡಬಹುದು. ಫ್ರಾನ್ಸಿನ ಆ ಸಣ್ಣ ಓಟದ ದಾರಿಯಲ್ಲಿ ಹೊರಗಿನ ವಾಹನಗಳು ನುಸುಳಿದವು. ಹಲವು ದೊಡ್ಡ ತಂಡಗಳು ಜಗಳ ಆಡುತ್ತ ಕೂರಲಿಲ್ಲ, ಸಾಮಾನು ಕಟ್ಟಿ ಹೊರಟವು. ಉಳಿದವರೊಂದಿಗೆ ಓಟ ಮುಗಿಯಿತು. ಸವಾರ ಒಬ್ಬನೇ ನಿಲ್ಲಲಾರ, ತಂಡ ನಿಲ್ಲಬಲ್ಲದು. ಪುಣೆಯಂಥ ಹೊಸ ಓಟಕ್ಕೆ ಅದು ದೊಡ್ಡ ಪೆಟ್ಟು. ಹೊರದೇಶದ ತಂಡಗಳು ಬಂದರೆ ತಾನೆ ನಮ್ಮ ವಿಜಯಪುರದ ಹುಡುಗರಿಗೆ ವೀಸಾ ಇಲ್ಲದೆ, ವಿಮಾನ ಹತ್ತದೆ ಅಂತರರಾಷ್ಟ್ರೀಯ ಗುಂಪಿನಲ್ಲಿ ಓಡುವ ಅವಕಾಶ?

ಜನವರಿಗೆಂದು ಹಾಕಿದ ಡಾಂಬರಿನ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಮಳೆ ಬೀಳುತ್ತದೆ. ಮುಳಶಿ, ಮಾವಳ ಸೀಮೆಯ ಮಳೆ ಎಂಥದು ಎಂದು ಇಲ್ಲಿ ಒಂದು ವರ್ಷ ಇದ್ದವರಿಗೂ ಗೊತ್ತು. ಇಂಥ ಓಟ ಇನ್ನೊಮ್ಮೆ ನಡೆಯುವುದಾದರೆ ಅದರ ಸುರಕ್ಷತೆ ತೀರ್ಮಾನವಾಗುವುದು ಅಕ್ಟೋಬರ್‌ನಲ್ಲಿ, ಮಳೆ ನಿಂತ ಮೇಲೆ ಆ ರಸ್ತೆಯನ್ನು ಜೀಪಿನ ಬದಲು ಸೈಕಲ್ ಮೇಲೆ ಕೂತು ನೋಡಲು ಯಾರು ಹೋಗುತ್ತಾರೆ, ಅವರು ಬೇಡ ಅಂದ ತಿರುವನ್ನು ಮಾರ್ಗದಿಂದ ತೆಗೆಯುವ ಅಧಿಕಾರ ಅವರಿಗಿದೆಯೇ ಎಂಬುದರ ಮೇಲೆ.